ಕಾಳು ಕಲಿತದ್ದು

ಬನಹಟ್ಟಿಯ ಮಗ್ಗದ ಓಣಿಯವರು ಅದಕ್ಕೆ ಕಾಳು ಎಂದು ಹೆಸರಿಟ್ಟುಬಿಟ್ಟರು. ಧಾರವಾಡದ ಶ್ರವಣ ಸಂಶೋಧನಾ ಕೇಂದ್ರದವರು ಇಟ್ಟ ಹೆಸರು ಸಂಸ್ಕೃತದ್ದು, ಮೂರು ಮೊಳ ಉದ್ದದ್ದು; ಅದನ್ನು ಪೂರ್ತಿ ಹೇಳುವ ಪುರಸೊತ್ತು ನೇಕಾರರಿಗೆ ಎಲ್ಲಿಂದ ಬರಬೇಕು? ಗಾತ್ರದಲ್ಲಿ ಕಡಲೆಕಾಳಿನಷ್ಟು. ಕಿವಿಯೊಳಗೆ ಇಳಿಸಿದರೆ ಹೊರಗೆ ಕಾಣುವುದು ಎಳೆದು ತೆಗೆಯಲಿಕ್ಕೆಂದು ಬಿಟ್ಟ ಸಣ್ಣ ದಾರದ ತುದಿ ಮಾತ್ರ. ಅದರೊಳಗೊಂದು ಯಂತ್ರವಿದೆ, ಅದು ಮನುಷ್ಯನ ಮನಸ್ಸು ಓದಿ ತಾನೂ ಪಾಠ ಕಲಿಯುತ್ತದೆ ಎಂದರೆ ಓಣಿಯ ಹಿರಿಯರು ನಗುತ್ತಿದ್ದರು. ನಮ್ಮ ಮನಸ್ಸು ಓದುವುದು ಕಟ್ಟಿಕೊಂಡವಳಿಗೇ ಆಗಲಿಲ್ಲ, ಇದಕ್ಕೇನು ಆದೀತು ಎಂದು.

ಮುರಿಗೆಪ್ಪ ನಗಲಿಲ್ಲ. ಅವನಿಗೆ ಕಾಳು ಬೇಕೇ ಬೇಕಿತ್ತು.

ಮೀಸೆ ಚಿಗುರುವ ಮೊದಲೇ ಪವರ್‌ಲೂಮ್ ಶೆಡ್ಡಿಗೆ ಇಳಿದವನು ಅವನು. ಲಾಳಿ ಅತ್ತಿಂದಿತ್ತ ಬಡಿದುಕೊಳ್ಳುವ ಆ ಕಟಕಟದಲ್ಲಿ ಐವತ್ತು ದಾಟುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಇಷ್ಟೇ ಇಷ್ಟು ಜೀವ ಉಳಿದಿತ್ತು. ಓಣಿಯಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಅಲ್ಲಿ ಅರ್ಧಕ್ಕರ್ಧ ಗಂಡಸರಿಗೆ ಕಿವಿ ಮಂದ, ಅದರ ಕೊರಗೂ ಅವರಿಗಿಲ್ಲ. ಯಾಕೆಂದರೆ ಅವರಿಗೆ ಮಗ್ಗದ ಮಾತು ಬರುತ್ತದೆ. ಶೆಡ್ಡಿನೊಳಗೆ ಗಂಟಲು ಹರಿಯುವಂತೆ ಕೂಗಿದರೂ ಕೇಳುವುದಿಲ್ಲವಾದ್ದರಿಂದ ನೇಕಾರರು ದನಿಯನ್ನೇ ಬಿಟ್ಟು ಬರೀ ತುಟಿ ಆಡಿಸಿ, ಹುಬ್ಬು ಹಾರಿಸಿ, ಬೆರಳು ತಿರುಗಿಸಿ ಮಾತಾಡುತ್ತಾರೆ. ಹೆಬ್ಬೆರಳು ಮಡಚಿದರೆ ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯಿತು ಎಂದು, ಗದ್ದ ಮುಟ್ಟಿಕೊಂಡರೆ ಸಾವುಕಾರ ಬಂದ ಎಂದು. ಮುರಿಗೆಪ್ಪ ಮತ್ತು ಅವನ ಹೆಂಡತಿ ಕಾಶವ್ವ ಎದುರುಬದುರಿನ ಎರಡು ಮಗ್ಗಗಳಲ್ಲಿ ನಿಂತು ಸಂಸಾರವನ್ನೆಲ್ಲ ಹೀಗೇ ಮಾತಾಡಿ ಮುಗಿಸಿದವರು. ಮಗಳು ಮಾದೇವಿಯ ಮದುವೆ ನಿಕ್ಕಿ ಮಾಡಿದ್ದು ಹೀಗೆ, ವಾರಗಟ್ಟಲೆ ಜಗಳ ಆಡಿದ್ದೂ ಹೀಗೆ. ಮಗ್ಗ ನಿಂತು ಮನೆಗೆ ಬಂದ ಮೇಲೂ ಅವನ ಕಣ್ಣು ಅವಳ ತುಟಿಯ ಮೇಲೇ ಇರುತ್ತಿತ್ತು.

ಹಾಗಿದ್ದವನಿಗೆ ಇದ್ದಕ್ಕಿದ್ದಂತೆ ಕಿವಿ ಬೇಕಾಯಿತು. ಕಾಶವ್ವನ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತ್ತು. ಮೊದಲು ಔಷಧ ಕೊಟ್ಟು ಗಂಟು ಕುಗ್ಗಿಸಿ ನೋಡೋಣ, ಸಂಕ್ರಾಂತಿ ಮುಗಿಯುತ್ತಲೇ ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕು, ಇಲ್ಲವಾದರೆ ಜೀವ ಉಳಿಯುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರರು ಹೇಳಿಬಿಟ್ಟಿದ್ದರು.

ಕಾಶವ್ವ ಅಂದರೆ ಊರಿಗೆಲ್ಲ ಸೋಬಾನದ ಕಾಶವ್ವ. ಯಾರ ಮನೆಯಲ್ಲಿ ಅರಿಶಿನ ಹಚ್ಚಿದರೂ ಅವಳಿಗೆ ಕರೆ ಹೋಗಬೇಕು. ಅವರಲ್ಲಿ ಸೋಬಾನವನ್ನು ಒಬ್ಬಳೇ ಹಾಡುವಂತಿಲ್ಲ, ಐವರು ಮುತ್ತೈದೆಯರು ಕೂಡಿಯೇ ಎತ್ತಬೇಕು. ಆದರೂ ಆ ಐವರಲ್ಲಿ ಕಾಶವ್ವನ ದನಿ ಯಾವುದೆಂದು ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತಂತೆ. ಅಂತೆ ಎಂದೇ ಹೇಳಬೇಕು. ಮುರಿಗೆಪ್ಪನಿಗೆ ಅದು ಬಲ್ಲವರು ಹೇಳಿದ ಮಾತು. ಮದುವೆಯಾದ ಹೊಸತರಲ್ಲಿ ಅವನಿಗೆ ಕಿವಿ ಕೇಳುತ್ತಿತ್ತು, ಅವಳ ಹಾಡನ್ನೂ ಕೇಳಿರಲೇಬೇಕು. ಆದರೆ ಈಗ ನೆನಪು ಮಾಡಿಕೊಂಡರೆ ತುಟಿ ಕಾಣುತ್ತಿತ್ತು, ಮೂಗುತಿ ಕಾಣುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ಊರವರೆಲ್ಲ ಕೇಳಿದ ದನಿಯನ್ನು ತಾನೊಬ್ಬನೇ ಕೇಳದೆ ಉಳಿದೆನಲ್ಲ, ಅದು ಹೋಗುವ ಮೊದಲು ಒಮ್ಮೆ ಕಿವಿತುಂಬ ಕೇಳಬೇಕು ಎಂಬುದು ಅವನಿಗೆ ಹುಚ್ಚಿನಂತೆ ಹಿಡಿದುಬಿಟ್ಟಿತು.

*

ಕಾಳು ತಯಾರಿಸಿದವರಲ್ಲಿ ಒಬ್ಬಳಾದ ವಸುಧಾ ಇನಾಮದಾರಳೇ ಅವನ ಬಲಗಿವಿಯ ಅಚ್ಚು ತೆಗೆದಳು. ಕಿವಿಗೆ ಇಳಿಸುವ ಮೊದಲು ಅವಳು ಹೇಳಿದ್ದನ್ನೆಲ್ಲ ಕಾಶವ್ವ ತುಟಿಯಾಡಿಸಿ ಗಂಡನಿಗೆ ದಾಟಿಸುತ್ತಿದ್ದಳು. ವಸುಧಾ ಅದನ್ನು ಕಣ್ಣರಳಿಸಿ ನೋಡಿದಳು. "ಎಷ್ಟ ಚಂದ ಮಾತಾಡ್ತೀರಿ ಇಬ್ಬರೂ!" ಎಂದು ಸಂತೋಷಪಟ್ಟಳು. ಅಷ್ಟಕ್ಕೇ ಬಿಟ್ಟಳು.

"ಯಜಮಾನರ, ಇದು ಹಳೇ ಯಂತ್ರದಂಗ ಎಲ್ಲಾ ಸದ್ದನ್ನೂ ದೊಡ್ಡದು ಮಾಡಂಗಿಲ್ಲ. ಕೇಳೂದು ಕಿವಿ ಅಷ್ಟ ಅಲ್ಲ, ಮಿದುಳು. ನೀವು ಒಂದು ಸದ್ದಿಗೆ ಮನಸ್ಸು ಕೊಟ್ಟ ಕೂಡಲೇ ತಲಿಯೊಳಗ ಸಣ್ಣದೊಂದು ಅಲೆ ಏಳತದ. ಕಾಳಿನ ಮೈಮ್ಯಾಲೆ ಎರಡು ಬೆಳ್ಳಿ ಚುಕ್ಕಿ ಅವ ನೋಡ್ರಿ, ಅವು ಕಿವಿಯ ಚರ್ಮದಿಂದನ ಆ ಅಲೆ ಹಿಡೀತಾವ. ಯಾವ ಸದ್ದಿಗೆ ಅಲೆ ಎದ್ದಿತೋ ಅದನ್ನ ಎತ್ತಿ ಕೊಡತದ. ಏಳಲಿಲ್ಲೋ, ಇದು ಇವರಿಗೆ ಬ್ಯಾಡಾದ ಗದ್ದಲ ಅಂತ ತಿಳಕೊಂಡು ದಿನಾ ಚೂರು ಚೂರು ಇಳಿಸಿಕೋತ ಹೋಗತದ."

"ಮಗ್ಗದ ಗದ್ದಲಾನೂ ಇಳಸ್ತೈತೇನ್ರಿ ಬಾಯಾರ?" ಎಂದು ಕಾಶವ್ವ ಕೇಳಿದಳು.

"ತಿಂಗಳೊಪ್ಪತ್ತಿನಾಗ ಮಗ್ಗ ಎಲ್ಲೋ ದೂರ ಮಳಿ ಬಂದಂಗ ಕೇಳಸ್ತದ, ನೋಡ್ರಿ ಬೇಕಾದ್ರ."

ಆಮೇಲೆ ಆರೈಕೆಯ ಪಾಠ. ಕಿವಿಯ ಮೇಲ್ತುದಿಯನ್ನು ಹಿಂದಕ್ಕೆ, ಮೇಲಕ್ಕೆ ಎಳೆದು ಕಾಳನ್ನು ಇಳಿಸಬೇಕು. ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚಲಿಕ್ಕೆ ತೆಗೆದಿಡಬೇಕು. ಬೆಳಿಗ್ಗೆ ಅದರ ಬಾಯಿ ಕೆಳಗೆ ಮಾಡಿ ಕುಂಚದಿಂದ ಉಜ್ಜಬೇಕು, ಮೇಲೆ ಮಾಡಿ ಉಜ್ಜಿದರೆ ಗುಗ್ಗೆ ಒಳಗೇ ಬೀಳುತ್ತದೆ. ನೀರು ತಾಗಿಸಕೂಡದು, ಒಣ ಅರಿವೆಯಿಂದ ಒರೆಸಬೇಕು. ಬಾಯಿಗಿರುವ ಸಣ್ಣ ಜಾಲರಿ ಕಟ್ಟಿಕೊಂಡರೆ ಕಡ್ಡಿಯಿಂದ ಕಿತ್ತು ಹೊಸದು ಕೂಡಿಸಬೇಕು. ಮಲಗುವಾಗ ಸೆಲ್ಲಿನ ಮುಚ್ಚಳ ತೆರೆದು, ತೇವ ಹೀರುವ ಮಣಿಗಳ ಡಬ್ಬಿಯಲ್ಲಿ ಇಡಬೇಕು. ಮುರಿಗೆಪ್ಪನ ದಪ್ಪ ಬೆರಳಿಗೆ ಇದು ಒಗ್ಗುವ ಕೆಲಸವಲ್ಲ ಎಂದು ಕಾಶವ್ವನಿಗೆ ಆಗಲೇ ಗೊತ್ತಾಗಿತ್ತು. ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುವವಳು ಅವಳು. ಕುಂಚವನ್ನು ತನ್ನ ಚೀಲಕ್ಕೇ ಹಾಕಿಕೊಂಡಳು.

ಕಾಳು ಕಿವಿಯೊಳಗೆ ಕುಳಿತಿತು. ವಸುಧಾ ಕೈಸನ್ನೆ ಮಾಡಿದಳು, ಮಾತಾಡಿಸಿರಿ ಎಂದು. ಕಾಶವ್ವ ಸೆರಗು ಸರಿಮಾಡಿಕೊಂಡು ಅವನ ಎದುರಿಗೆ ಬಂದು ನಿಂತಳು.

"ಕೇಳಸ್ತೈತೇನ್ರಿ?"

ಮುರಿಗೆಪ್ಪನ ಕಣ್ಣು ಅವಳ ತುಟಿಯ ಮೇಲಿತ್ತು. "ಕೇಳಸ್ತೈತಿ!" ಎಂದು ಅವನು ಕೋಣೆ ಅದುರುವ ಹಾಗೆ ಕೂಗಿದ. ಮೂವರೂ ನಕ್ಕರು. ಕಾಶವ್ವ ನಗುತ್ತಲೇ ಕಣ್ಣೊರೆಸಿಕೊಂಡಳು.

*

ಮುರಿಗೆಪ್ಪ ಹೊಸದಾಗಿ ಹುಟ್ಟಿದವನಂತಾದ. ರೊಟ್ಟಿ ಅಗಿದರೆ ತಲೆಯೊಳಗೆ ಇಷ್ಟು ಸದ್ದಾಗುತ್ತದೆಯೇ ಎಂದು ಗಾಬರಿಯಾದ. ಫ್ಯಾನಿಗೆ ಒಂದು ದನಿ, ಪೊರಕೆಗೆ ಒಂದು ದನಿ. ಸೂರಿನ ಕೆಳಗಿನ ಗುಬ್ಬಿಗಳ ಗಲಾಟೆ ಕೇಳುತ್ತ ಕಟ್ಟೆಯ ಮೇಲೆ ಕುಳಿತುಬಿಟ್ಟರೆ ಎದ್ದೇಳುತ್ತಿರಲಿಲ್ಲ. ಮಾದೇವಿ ಜಮಖಂಡಿಯಿಂದ ಫೋನು ಮಾಡಿದಾಗ ಅವಳ ದನಿ ಗಂಟೆ ಬಾರಿಸಿದಂತೆ ಕೇಳಿತು. "ಅಪ್ಪಾ, ನನ್ನ ದನಿ ಅವ್ವನಂಗ ಐತಂತ ಎಲ್ಲಾರೂ ಅಂತಾರ, ಹೌದನ?" ಎಂದು ಅವಳು ಕೇಳಿದರೆ, "ಹೌದವ್ವಾ, ಒಂದ ನಮೂನಿ," ಎಂದು ಖಾತ್ರಿಯಿಂದ ಹೇಳಿದ. ಅವನಿಗೆ ತಾನು ಕಾಶವ್ವನ ದನಿಯನ್ನೂ ಕೇಳುತ್ತಿದ್ದೇನೆ ಎಂಬ ಬಗ್ಗೆ ಯಾವ ಸಂಶಯವೂ ಇರಲಿಲ್ಲ. ಅವಳು ಎದುರಿಗೆ ಬಂದು ಮಾತಾಡಿದರೆ ಒಂದಕ್ಷರವೂ ತಪ್ಪುತ್ತಿರಲಿಲ್ಲವಲ್ಲ!

ಕಾಶವ್ವ ಮಾತು ಕಡಿಮೆ ಮಾಡಿದ್ದಳು. ದನಿಗೆ ಆಯಾಸ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೂ ಕೆಲವೊಮ್ಮೆ ಅಡುಗೆಯ ಒಲೆಯ ಹತ್ತಿರದಿಂದ, "ರೀ, ಚಾ ಆಗೇತಿ," ಎಂದು ಕರೆಯುತ್ತಿದ್ದಳು. ಕಟ್ಟೆಯ ಮೇಲಿನವನು ತಿರುಗುತ್ತಿರಲಿಲ್ಲ. ಆಚೆಮನೆಯ ಕುಕ್ಕರು ಕೂಗಿದರೆ ತಿರುಗುತ್ತಿದ್ದ. ಮೊದಮೊದಲು ಅವಳಿಗೆ ಚುರುಕ್ಕೆಂದಿತು. ಗುಬ್ಬಿಯ ದನಿ ಕೇಳುತ್ತದೆ, ನನ್ನದು ಕೇಳುವುದಿಲ್ಲವೇ? ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: ನನ್ನ ದನಿಯೇ ಈಗಾಗಲೇ ಉಡುಗಿದೆ, ಅವರದೇನು ತಪ್ಪು. ಚಹಾ ತಾನೇ ತಂದು ಅವನ ಎದುರಿಗಿಟ್ಟು, ತುಟಿಯಾಡಿಸಿ, ಕುಡಿಯಿರಿ ಎನ್ನುತ್ತಿದ್ದಳು.

ಕಾಳಿನ ಆರೈಕೆಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಔಷಧದ ದಿನ ವಾಂತಿ ಮಾಡಿಕೊಂಡು ಸುಸ್ತಾಗಿ ಬಿದ್ದಿದ್ದರೂ ಎದ್ದು ಕುಂಚ ಹಿಡಿಯುತ್ತಿದ್ದಳು. ಡಬ್ಬಿಯ ಮಣಿಗಳು ತೇವ ಹೀರಿ ಬಣ್ಣ ಬದಲಿಸಿದರೆ ಬಿಸಿಲಿಗೆ ಹರವಿ, ಮತ್ತೆ ನೀಲಿಯಾದ ಮೇಲೆ ತುಂಬುತ್ತಿದ್ದಳು. ಅವನ ಎಣ್ಣೆಯ ಬಾಟಲಿಯನ್ನು ಮುಚ್ಚಿಯೇ ಇಟ್ಟಳು. "ತಲಿ ಒಣಗಿದ್ರ ಒಣಗ್ಲಿ, ಕಾಳಿಗೆ ಎಣ್ಣಿ ತಾಗಬಾರದು," ಎಂದು ಗದರಿಸುತ್ತಿದ್ದಳು. ಅವಳಿಗೆ ಒಂದು ಲೆಕ್ಕವಿತ್ತು. ಸಂಕ್ರಾಂತಿಗೆ ಮೊದಲು ಬರುವ ಎಳ್ಳು ಅಮಾವಾಸ್ಯೆ, ಎಳ್ಳಮಾಸಿಯ ದಿನ ಬರಲಿ ಎಂದು ಕಾಯುತ್ತಿದ್ದಳು.

ಅಮಾವಾಸ್ಯೆಗೆ ನೇಕಾರರು ಮಗ್ಗ ಹೂಡುವುದಿಲ್ಲ. ತೊಳೆದು, ಕುಂಕುಮವಿಟ್ಟು, ಕೈ ಮುಗಿದು ಬಿಡುತ್ತಾರೆ. ತಿಂಗಳಿಗೆ ಆ ಒಂದು ದಿನ ಓಣಿ ಉಸಿರು ಹಿಡಿದ ಹಾಗೆ ಸುಮ್ಮನಿರುತ್ತದೆ. ಎಳ್ಳಮಾಸಿಯ ದಿನವಂತೂ ಹೊಲ ಇದ್ದವರ ಸಂಗಡ ಊಟಕ್ಕೆಂದು ಊರೇ ಹೊರಬಿದ್ದಿತ್ತು. ಮಧ್ಯಾಹ್ನ ಕಾಶವ್ವ ಗಂಡನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಅವನನ್ನು ಅವನ ಮಗ್ಗದ ಹತ್ತಿರ ಕೂರಿಸಿ, ತಾನು ತನ್ನ ಮಗ್ಗದ ಹತ್ತಿರ ಕುಳಿತಳು.

"ಇವತ್ತ ನಿಮಗ ಹಾಡ್ತೀನಿ."

"ದನಿ ಎತ್ತಬ್ಯಾಡ ಅಂದಾರ ಡಾಕ್ಟರು."

"ಎತ್ತಬ್ಯಾಡ ಅಂದಾರಂತನ ಇಷ್ಟ ದಿನಾ ಕೂಡಿಸಿ ಇಟ್ಟೀನಿ. ಇಟಗೊಂಡು ಏನ ಮಾಡ್ಲಿ? ಅವರ ಕೈಯಾಗ ಕೊಡ್ಲಿ?"

"ಒಬ್ಬಾಕಿನ ಹಾಡಬಾರದಂತಲ್ಲ ಸೋಬಾನಾ?"

"ನೋಡಾಕ ಯಾರದಾರ ಇಲ್ಲಿ? ಸುಮ್ಮ ಕುಂದರ್ರಿ."

ಅವಳು ಹಾಡಿದಳು. ತವರು ಬಿಟ್ಟು ಹೊರಟ ಮದುಮಗಳು ಹೊಸ್ತಿಲನ್ನು, ತೊಟ್ಟಿಲನ್ನು, ಬಾವಿಯ ಹಗ್ಗವನ್ನು ಒಂದೊಂದಾಗಿ ಮಾತಾಡಿಸಿ ಹೋಗುವ ಹಾಡು. ಮುರಿಗೆಪ್ಪ ಅವಳ ಮುಖ ನೋಡುತ್ತ ಕುಳಿತ. ಒಂದೊಂದು ಶಬ್ದವೂ ಅವನಿಗೆ ತಿಳಿಯಿತು. ಎದೆ ತುಂಬಿ ಬಂತು. ಹಾಡು ಮನಸ್ಸಿಗೆ ಹಿಡಿದಾಗ ಯಾರಾದರೂ ಮಾಡುವಂತೆ ಅವನೂ ಕಣ್ಣು ಮುಚ್ಚಿದ.

ತಗಡಿನ ಮೇಲೆ ಪಾರಿವಾಳ ಓಡಾಡಿತು. ಮೂಲೆಯ ನಲ್ಲಿ ತೊಟ್ಟಿಕ್ಕಿತು. ಆಚೆ ಬೀದಿಯಲ್ಲಿ ಯಾರೋ ಗಾಡಿ ಚಾಲೂ ಮಾಡಿದರು. ಅಷ್ಟೇ.

ಅವನು ಥಟ್ಟನೆ ಕಣ್ಣು ತೆರೆದ. ಕಾಶವ್ವ ಹಾಡುತ್ತಿದ್ದಳು, ಕೊರಳ ನರ ಉಬ್ಬಿತ್ತು. ಮತ್ತೆ ಮುಚ್ಚಿದ. ಪಾರಿವಾಳ, ನಲ್ಲಿ. ಕಾಳು ಬಿದ್ದುಹೋಯಿತೇ ಎಂದು ಕಿವಿ ಮುಟ್ಟಿ ನೋಡಿಕೊಂಡ. ದಾರದ ತುದಿ ಕೈಗೆ ಸಿಕ್ಕಿತು. ಆಗ ಅವನಿಗೆ ಅರ್ಥವಾಯಿತು. ಇಷ್ಟು ದಿನವೂ ಅವನು ಅವಳ ದನಿಯನ್ನು ಕೇಳಿರಲಿಲ್ಲ, ನೋಡಿದ್ದ.

ಹಾಡು ಮುಗಿಯುವವರೆಗೆ ಅವನು ಕಣ್ಣು ಮಿಟುಕಿಸದೆ ಕುಳಿತ. ತಲೆದೂಗಿದ. ಕಾಶವ್ವ ಕೊನೆಯ ಸೊಲ್ಲು ಮುಗಿಸಿ, ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಹುಬ್ಬು ಹಾರಿಸಿದಳು, ಹೇಗಿತ್ತು ಎಂದು.

"ಭಾಳ ಚಂದ," ಎಂದ ಮುರಿಗೆಪ್ಪ. ಅಂಥ ದೊಡ್ಡ ಸುಳ್ಳನ್ನು ಅವನು ಹೆಂಡತಿಗೆ ಎಂದೂ ಹೇಳಿರಲಿಲ್ಲ.

*

ಮರುದಿನ, ಕಾಳಿನ ಸೆಲ್ಲಿನ ಮುಚ್ಚಳ ಸಡಿಲಾಗಿದೆ ಎಂದು ನೆಪ ಹೇಳಿ ಅವನು ಒಬ್ಬನೇ ಧಾರವಾಡದ ಬಸ್ಸು ಹಿಡಿದ. ಕಾಶವ್ವ ಆಸ್ಪತ್ರೆಗೆ ಸೇರುವುದಕ್ಕೆ ಇನ್ನೂ ಒಂದು ವಾರದ ಮೇಲಿತ್ತು. ಆ ವಾರ ಸಿಕ್ಕರೆ ಸಾಕು ಎಂಬುದೊಂದೇ ಅವನ ತಲೆಯಲ್ಲಿತ್ತು.

ವಸುಧಾ ಕಾಳನ್ನು ತನ್ನ ಯಂತ್ರಕ್ಕೆ ಜೋಡಿಸಿ, ಅದು ಕಲಿತದ್ದನ್ನೆಲ್ಲ ಪರದೆಯ ಮೇಲೆ ಹರಡಿದಳು. ಅದು ಎತ್ತಿಕೊಡುವ ಸದ್ದುಗಳಿಗೆಲ್ಲ ಎತ್ತರದ ಗೆರೆಗಳಿದ್ದವು. ಎಲ್ಲಕ್ಕಿಂತ ಎತ್ತರ ಮಾದೇವಿಯ ದನಿ, ಆಮೇಲೆ ಗುಬ್ಬಿ, ಕುಕ್ಕರು, ಬಾಗಿಲ ಚಿಲಕ. ತೀರ ಕೆಳಗೆ, ನೆಲಕ್ಕಂಟಿದ ಹಾಗೆ, ಎರಡು ಗೆರೆಗಳು.

"ಒಂದು ಮಗ್ಗದ್ದು," ಎಂದಳು ವಸುಧಾ. ಇನ್ನೊಂದನ್ನು ಮುಟ್ಟಿ ಕೇಳಿಸಿಕೊಂಡಳು. ಅವಳ ಮುಖ ಸಪ್ಪಗಾಯಿತು. ಕಾಳನ್ನು ತಿರುಗಿ ಅವನ ಕಿವಿಗಿಟ್ಟು, ತನ್ನ ಮುಖವನ್ನು ಗೋಡೆಯ ಕಡೆ ಮಾಡಿ, "ನಿಮ್ಮ ಮನಿಯವರು ಮಾತಾಡೂ ಮುಂದ ನೀವು ಏನ ನೋಡ್ತೀರಿ?" ಎಂದು ಕೇಳಿದಳು.

"ಮಾರಿ ನೋಡ್ತೀನ್ರಿ. ಮತ್ತೇನ ನೋಡ್ಲಿ?"

"ತುಟಿ ಮೊದಲು ಅಲುಗ್ತದ ಯಜಮಾನರ, ದನಿ ಆಮ್ಯಾಲೆ ಬರತದ. ಕಣ್ಣು ಮಿಟುಕಿಸೂವಷ್ಟ ಹಿಂದ. ನಮ್ಮಂಥವರಿಗೆ ಅದು ಲೆಕ್ಕಕ್ಕಿಲ್ಲ. ನೀವು ಸಣ್ಣಂದಿನಿಂದ ತುಟಿ ಓದಿದವರು. ದನಿ ಬರೂದರೊಳಗ ನಿಮಗ ಮಾತು ತಿಳದುಬಿಟ್ಟಿರತದ. ದನಿಗೆ ನಿಮ್ಮ ಮನಸ್ಸು ಏಳೂದ ಇಲ್ಲ. ಎದ್ದಿಲ್ಲ ಅಂದ್ರ ಬ್ಯಾಡಾದ ಸದ್ದು ಅಂತ ಕಾಳು ತಿಳಕೊಂಡದ."

"ನನ್ನ ಹೇಣತಿ ದನಿ ನನಗ ಬ್ಯಾಡಾತಂತನ್ರಿ?" ಎಂದ ಮುರಿಗೆಪ್ಪ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ.

"ತಪ್ಪು ನಿಮ್ಮದಲ್ಲ. ನಮ್ಮದು. ಅವತ್ತ ನೀವಿಬ್ಬರೂ ನನ್ನ ಕಣ್ಣ ಮುಂದನ ತುಟಿಯಾಗ ಮಾತಾಡಿದ್ರಿ. ಚಂದ ಅಂತ ನೋಡ್ಕೋತ ನಿಂತೆ. ಹೊಳೀಲಿಲ್ಲ ನನಗ." ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಮುರಿಗೆಪ್ಪನಿಗೆ ಅವಳ ಮೇಲೆ ಕೋಪ ಬರಲಿಲ್ಲ. ಅವನ ಮನಸ್ಸು ಮನೆಯಲ್ಲಿತ್ತು. ಕಿಟಕಿಯ ಬೆಳಕಿಗೆ ಕುಳಿತು, ಕಾಳಿನ ಬಾಯಿ ಕೆಳಗೆ ಮಾಡಿ, ನಾಲಿಗೆ ಕಚ್ಚಿಕೊಂಡು ಉಜ್ಜುತ್ತಿದ್ದ ಕಾಶವ್ವ ಕಾಣುತ್ತಿದ್ದಳು. ಅವಳ ದನಿಯನ್ನು ದಿನಾ ಚೂರು ಚೂರು ಕಸಕ್ಕೆ ಹಾಕುತ್ತಿದ್ದ ಕಾಳನ್ನು ಅವಳೇ ದಿನಾ ಒರೆಸಿ, ಒಣಗಿಸಿ, ಅವನ ಕಿವಿಗೆ ಇಟ್ಟಿದ್ದಳು.

"ಪಾಟಿ ಒರೆಸಿದಂಗ ಎಲ್ಲಾ ಒರೆಸಿಬಿಡ್ತೀನಿ," ಎಂದಳು ವಸುಧಾ. "ಇವತ್ತಿನಿಂದ ಹೊಸಾ ಕಾಳು. ಮನಿಗೆ ಹೋದ ಕೂಡಲೇ ಅವರ ದನಿ ಕೇಳಸ್ತದ. ಆದ್ರ ಅವರು ಮಾತಾಡೂ ಮುಂದ ಕಣ್ಣು ಮುಚ್ಚಿರಿ. ಮಾರಿ ನೋಡಿದ್ರೋ, ಮತ್ತ ತಪ್ಪ ಕಲೀತದ."

ಅವಳು ಒರೆಸುತ್ತಿದ್ದಳು. ಸಂಜೆಯೊಳಗೆ ಮನೆ ಸೇರುತ್ತೇನೆ, ಚಹಾ ಮಾಡಲು ಹೇಳಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತೇನೆ, ಒಳಗಿನಿಂದ ಕಾಶವ್ವ ಕರೆಯಲಿ ಎಂದು ಮುರಿಗೆಪ್ಪ ಅಂದುಕೊಳ್ಳುತ್ತಿದ್ದ. ಹೊಸ ಕಾಳು ಕಿವಿಗೆ ಬಿದ್ದು ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಫೋನು ಬಂತು. ಸುದ್ದಿ ತಿಳಿದು ಜಮಖಂಡಿಯಿಂದ ಬನಹಟ್ಟಿಗೆ ಓಡಿಬಂದಿದ್ದ ಮಾದೇವಿ ಅಳುತ್ತಿದ್ದಳು.

"ಅಪ್ಪಾ, ಅವ್ವಗ ಉಸರ ಹಿಡದೈತಿ. ಮುಂಜಾನಿಂದ ಗಂಟಲಾ ಬಾತಿತ್ತಂತ, ಯಾರಿಗೂ ಹೇಳಿಲ್ಲ. ಹುಬ್ಬಳ್ಳಿಗೆ ಕರಕೊಂಡ ಹೊಂಟೀವಿ. ನೀ ಅಲ್ಲೇ ಬಾ."

*

ಧಾರವಾಡದಿಂದ ಹುಬ್ಬಳ್ಳಿ ಹತ್ತಿರ. ಆಂಬುಲೆನ್ಸು ಬರುವುದಕ್ಕಿಂತ ಎಷ್ಟೋ ಮೊದಲೇ ಮುರಿಗೆಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಪಾಟಿ ಒರೆಸಿದ ಕಾಳು ಲೋಕದ ಸದ್ದನ್ನೆಲ್ಲ ಒಂದೇ ಸಮ ತಂದು ಸುರಿಯುತ್ತಿತ್ತು.

ಕಾಶವ್ವನನ್ನು ಇಳಿಸಿದರು. ಮುಖಕ್ಕೆ ಮುಸುಕಿನಂತೆ ಆಮ್ಲಜನಕದ ಬಟ್ಟಲು. ಅವನನ್ನು ಕಂಡು ಅವಳ ಕಣ್ಣು ಅಗಲವಾದವು. ಬಟ್ಟಲಿನೊಳಗೆ ತುಟಿ ಅಲುಗಿತು. ಮುರಿಗೆಪ್ಪ ಗಾಲಿಮಂಚದ ಕಂಬಿ ಹಿಡಿದುಕೊಂಡು ಓಡುತ್ತ ಕಣ್ಣು ಬಿಗಿಯಾಗಿ ಮುಚ್ಚಿದ. ದೇವರನ್ನು ನೆನೆಯುತ್ತಿದ್ದಾನೆ ಎಂದು ನೋಡಿದವರು ತಿಳಿದಿರಬೇಕು. ಅವನು ಒಂದೇ ಒಂದು ಮಾತಿಗೆ ಕಾಯುತ್ತಿದ್ದ. ಗಾಲಿಗಳು ಕಿರುಗುಟ್ಟಿದವು, ಚಪ್ಪಲಿಗಳು ಬಡಿದವು, ಎಳೆದೆಳೆದು ಬರುವ ಉಸಿರಿನ ಸಿಳ್ಳು ಕೇಳಿಸಿತು. ಮಾತು ಬರಲಿಲ್ಲ. ಕಣ್ಣು ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಕೊನೆಗೆ ಏನು ಹೇಳಿದಳು ಎಂಬುದನ್ನು ಅವನು ನೋಡಲೂ ಇಲ್ಲ.

ಆ ದಿನವೇ ಕೊರಳಿಗೆ ತೂತು ಮಾಡಿ ಉಸಿರಿಗೆ ದಾರಿ ಮಾಡಿದರು. ಕೆಲವೇ ದಿನಗಳಲ್ಲಿ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಹಾಡದಿದ್ದರೂ ಹೀಗಾಗುತ್ತಿತ್ತೋ ಏನೋ, ಹೇಳಲಿಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಮುರಿಗೆಪ್ಪ ಆ ಮಾ‌ತನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ.

ಹಾಸಿಗೆಯ ಮೇಲೆ ಎದ್ದು ಕೂರುವಷ್ಟಾದ ದಿನ ಕಾಶವ್ವ ಅವನನ್ನು ಹತ್ತಿರ ಕರೆದು ಮಗ್ಗದ ಮಾತಿನಲ್ಲಿ ಕೇಳಿದಳು. ಈಗ ಅವಳಿಗೆ ಇದ್ದದ್ದು ಅದೊಂದೇ ಮಾತು.

'ಅವತ್ತ ನಿಮಗ ಕೇಳಿಸಲಿಲ್ಲ. ಹೌದಲ್ಲ?'

ಮುಖ ತಿರುಗಿಸಹೋದ ಮುರಿಗೆಪ್ಪನ ಗದ್ದ ಹಿಡಿದು ಅವಳು ತನ್ನ ಕಡೆಗೆ ತಿರುಗಿಸಿಕೊಂಡಳು.

'ಕಣ್ಣ ಮುಚ್ಚಿ ತೆರದ್ರಿ. ಹಾವ ತುಳದವರಂಗ ಮಾರಿ ಆತು. ನನಗ ಓದಾಕ ಬರಂಗಿಲ್ಲೇನ ನಿಮ್ಮ ಮಾರಿ?'

"ಗೊತ್ತಾದ ಮ್ಯಾಲೂ ಯಾಕ ಹಾಡಿದಿ ಕಾಶಿ? ಅಲ್ಲೇ ನಿಂದರಸಬೇಕಿಲ್ಲೋ?" ಎಂದು ಅವನು ಅತ್ತುಬಿಟ್ಟ.

'ನೀವು ಅಷ್ಟ ಆಸೆಲೆ ನೋಡಾಕ ಹತ್ತಿದ್ರಿ. ಹೆಂಗ ನಿಂದರಸ್ಲಿ?' ಎಂದಿತು ಅವಳ ತುಟಿ.

*

ಯುಗಾದಿಯ ಅಮಾವಾಸ್ಯೆಗೆ ಮಾದೇವಿ ತವರಿಗೆ ಬಂದಳು. ಆಸ್ಪತ್ರೆಯವರು ಕಾಶವ್ವನಿಗೆ ಕೊರಳಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಕೊಟ್ಟಿದ್ದರು. ಅದರ ದನಿ ದುಂಬಿ ಗುಂಯ್‌ಗುಟ್ಟಿದ ಹಾಗಿತ್ತು. ಒಮ್ಮೆ ಹಿಡಿದು ನೋಡಿ, ಮತ್ತೆ ಅವಳು ಅದನ್ನು ಮುಟ್ಟಲಿಲ್ಲ.

ಮಾದೇವಿ ತನ್ನ ಮದುವೆಯ ವಿಡಿಯೋ ತಂದಿದ್ದಳು. ಕಾಶವ್ವನ ದನಿಗಾಗಿ ಊರಿನ ಫೋನುಗಳನ್ನೆಲ್ಲ ಜಾಲಾಡಿದ್ದಾಗಿತ್ತು. ಸೋಬಾನ ಶುರುವಾದರೆ ಎಲ್ಲರ ಕೈಯ ಫೋನೂ ಬ್ಯಾಂಡಿನ ಕಡೆಗೇ ತಿರುಗಿರುತ್ತಿತ್ತು. ಸ್ವಚ್ಛವಾಗಿ ಸಿಕ್ಕಿದ್ದು ಇದೊಂದೇ. ಐವರು ಮುತ್ತೈದೆಯರು ಕೂಡಿ ಹಾಡಿದ್ದರು, ಕಾಶವ್ವ ಅವರಲ್ಲಿ ಒಬ್ಬಳು. ಮುರಿಗೆಪ್ಪ ಆಗಲೇ ಒಮ್ಮೆ ಕೇಳಿ ನೋಡಿದ್ದ. ಐದು ದನಿಗಳೂ ಅವನಿಗೆ ಕೇಳಿಸಿದವು. ಹೆಂಡತಿಯದು ಯಾವುದೆಂದು ಗೊತ್ತಾಗಲಿಲ್ಲ. ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತಿದ್ದ ದನಿ ಅವನಿಗೆ ಗೊತ್ತಾಗಲಿಲ್ಲ.

ಫೋನಿನಲ್ಲಿ ವಸುಧಾ ಹೇಳಿದ್ದಳು: "ನೀವು ಆ ಒಂದು ದನಿಗೆ ಮನಸ್ಸು ಕೊಟ್ರ ಕಾಳು ಕಲೀತದ, ನಾಕು ದನಿ ಇಳಿಸಿ ಅದೊಂದನ್ನ ಎತ್ತಿ ಕೊಡತದ. ಆದ್ರ ಯಾವುದು ಅವರ ದನಿ ಅಂತ ಮೊದಲು ಅದಕ್ಕ ನೀವ ತೋರಿಸಿಕೊಡಬೇಕು. ಕಣ್ಣು ಮಾತ್ರ ತೆರೀಬ್ಯಾಡ್ರಿ."

ಅದಕ್ಕೆ ಕಾಶವ್ವನೇ ಒಂದು ಉಪಾಯ ಹುಡುಕಿದ್ದಳು. ಶೆಡ್ಡಿನಲ್ಲಿ ಮಗ್ಗಗಳು ಕುಂಕುಮ ಇಟ್ಟುಕೊಂಡು ಸುಮ್ಮನಿದ್ದವು. ಅವಳು ಡಬ್ಬಿಯಿಂದ ಕಾಳು ತೆಗೆದು, ಬಾಯಿ ಕೆಳಗೆ ಮಾಡಿ ಉಜ್ಜಿ, ಸೆಲ್ಲಿನ ಮುಚ್ಚಳ ಹಾಕಿ, ಅವನ ಕಿವಿಯ ತುದಿ ಹಿಂದಕ್ಕೆ ಎಳೆದು ಇಳಿಸಿದಳು. ಅವನ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿ ಇಟ್ಟುಕೊಂಡಳು. ತನ್ನ ದನಿ ಮೇಲೇಳುವ ಕಡೆಗೆಲ್ಲ ಬೆರಳಿನಿಂದ ಬಡಿಯುತ್ತೇನೆ, ಅಲ್ಲಿ ಮನಸ್ಸು ಕೊಡಿರಿ ಎಂದು ತುಟಿಯಲ್ಲಿ ಹೇಳಿದಳು. ಮುರಿಗೆಪ್ಪ ಕಣ್ಣು ಮುಚ್ಚಿದ. ಮಾದೇವಿ ವಿಡಿಯೋ ಹಚ್ಚಿದಳು.

ಐವರು ಹಾಡಿದರು. ಹೊಸ್ತಿಲು ಬಂತು. ಅಂಗೈಗೆ ಬೆರಳು ಬಡಿಯಿತು. ಇದೇ, ಇದೇ ಇರಬೇಕು, ಈ ತುಸು ಒಡಕಿರುವುದು. ಮತ್ತೆ ಬಡಿಯಿತು. ಅಲ್ಲ, ಅದಲ್ಲ, ಅದರ ಮೇಲಿನದು. ಅವನು ಇದ್ದಬದ್ದ ಮನಸ್ಸನ್ನೆಲ್ಲ ಕಿವಿಗೆ ತಂದು ಕುಳಿತ. ತೊಟ್ಟಿಲು ಬಂತು. ಬೆರಳು ಬಡಿಯಿತು, ಬಡಿಯಿತು. ಬಾವಿಯ ಹಗ್ಗದ ಸೊಲ್ಲಿಗೆ ಬಂದಾಗ ಬೆರಳು ನಿಂತುಬಿಟ್ಟಿತು.

ಆ ಸೊಲ್ಲಿನಲ್ಲಿ ಅವಳ ದನಿ ಇಲ್ಲವೇನೋ ಎಂದು ಅವನು ಕಾದ. ಬೆರಳು ಏಳಲಿಲ್ಲ, ಅಂಗೈಯ ಮೇಲೇ ಇತ್ತು. ಆಗ ಹಾಡಿನ ಸಂದಿಯಲ್ಲಿ ಇನ್ನೊಂದು ಸದ್ದು ಅವನಿಗೆ ಕೇಳಿಸಿತು. ಕೊರಳಿನ ತೂತಿನಿಂದ ಬಿಟ್ಟು ಬಿಟ್ಟು ಬರುವ ಉಸಿರು. ದನಿ ಇಲ್ಲದವರು ಅತ್ತರೆ ಅಷ್ಟೇ ಸದ್ದು.

ಕಣ್ಣು ತೆರೆದು ಅವಳನ್ನು ನೋಡಬೇಕೆಂದು ಅವನ ಜೀವ ಒದ್ದಾಡಿತು. ತೆರೆದರೆ ಕಾಳು ತಪ್ಪು ಕಲಿಯುತ್ತದೆ. ರೆಪ್ಪೆ ಬಿಗಿಹಿಡಿದು ಕುಳಿತ. ಹಾಡಿಗೆ ಮನಸ್ಸು ಕೊಡಬೇಕೆಂದು ಎಷ್ಟು ಎಳೆದರೂ ಮನಸ್ಸು ಆ ಉಸಿರಿನ ಕಡೆಗೇ ಹೋಯಿತು. ಕಾಳು ತನಗೆ ಹೇಳಿಕೊಟ್ಟ ಕೆಲಸವನ್ನು ಮಾಡಿತು. ಐವರು ಮುತ್ತೈದೆಯರ ದನಿಯನ್ನು ಚೂರು ಚೂರೇ ಕೆಳಗಿಳಿಸಿತು. ಉಸಿರನ್ನು ಚೂರು ಚೂರೇ ಮೇಲಕ್ಕೆತ್ತಿತು. ಕೊನೆಗೆ ಶೆಡ್ಡಿನ ತುಂಬ ಅದೊಂದೇ ಇತ್ತು, ಅವಳದು, ಬೇರೆ ಯಾರದೂ ಅಲ್ಲದ್ದು.

"ಕೇಳಸ್ತೈತಿ ಕಾಶಿ," ಎಂದ ಮುರಿಗೆಪ್ಪ. ಕಣ್ಣು ತೆರೆಯಲಿಲ್ಲ. ಮಾದೇವಿ ಎಷ್ಟೋ ಹೊತ್ತಿನ ಹಿಂದೆಯೇ ಫೋನು ನಿಲ್ಲಿಸಿದ್ದು ಅವನಿಗೆ ಗೊತ್ತಾಗಲಿಲ್ಲ.